ಈ ಪುಸ್ತಕಗಳನ್ನು ಮಕ್ಕಳ ಕೈಯಿಂದ ಕಸಿದುಕೊಳ್ಳಬೇಕೇ?

ಒಂದು ದೇಶವಿದೆ. ಅದರ ರಾಜಧಾನಿಯಲ್ಲಿ ಆಹಾರಕ್ಕೆ ಕೊರತೆಯಿಲ್ಲ. ಎಷ್ಟರ ಮಟ್ಟಿಗೆಂದರೆ, ಅಲ್ಲಿನ ಔತಣಕೂಟಗಳಲ್ಲಿ ಹೊಟ್ಟೆ ಬಿರಿಯುವಷ್ಟು ತಿಂದವರು ವಾಂತಿ ಬರಿಸುವ ಪಾನೀಯವನ್ನು ಕುಡಿದು, ತಿಂದದ್ದನ್ನೆಲ್ಲ ಕಕ್ಕಿ, ಪುನಃ ತಿನ್ನಲು ಬಂದು ನಿಲ್ಲುತ್ತಾರೆ. ರಾಜಧಾನಿಯ ಹೊರಗೆ 12 ಜಿಲ್ಲೆಗಳಿವೆ. ಒಂದು ಜಿಲ್ಲೆಯವರು ಕಲ್ಲಿದ್ದಲು ತೆಗೆಯುತ್ತಾರೆ, ಇನ್ನೊಂದು ಜಿಲ್ಲೆಯವರು ಬೆಳೆ ಬೆಳೆಯುತ್ತಾರೆ. ಬೆಳೆಯುವವರೂ ಹಸಿದಿದ್ದಾರೆ, ಅಗೆಯುವವರೂ ಹಸಿದಿದ್ದಾರೆ. ಹಿಂದೊಮ್ಮೆ ರಾಜಧಾನಿಯ ವಿರುದ್ಧ ದಂಗೆಯೆದ್ದ ಅಪರಾಧಕ್ಕಾಗಿ ಪ್ರತಿ ಜಿಲ್ಲೆಯೂ ಪ್ರತಿವರ್ಷ 12ರಿಂದ 18 ವರ್ಷದೊಳಗಿನ ಓರ್ವ ಹುಡುಗ ಮತ್ತು ಓರ್ವ ಹುಡುಗಿಯನ್ನು ಕಾಣಿಕೆಯಾಗಿ ಒಪ್ಪಿಸಬೇಕು. ಹೀಗೆ ಒಟ್ಟಾದ 24 ಮಕ್ಕಳನ್ನು ಒಂದು ಅಖಾಡಕ್ಕೆ ಬಿಡಲಾಗುತ್ತದೆ. ಒಬ್ಬರು ಮಾತ್ರ ಉಳಿಯುವವರೆಗೆ ಅವರು ಪರಸ್ಪರ ಕೊಲ್ಲಬೇಕು. ಇಡೀ ದೇಶ ಅದನ್ನು ಟಿ.ವಿ.ಯಲ್ಲಿ ನೇರವಾಗಿ ನೋಡಬೇಕು. ನೋಡದಿರುವ ಸ್ವಾತಂತ್ರ್ಯ ಯಾರಿಗೂ ಇಲ್ಲ.

ಅಮೆರಿಕದ ಲೇಖಕಿ ಸುಝಾನ್ ಕಾಲಿನ್ಸ್ ಬರೆದ ‘ದಿ ಹಂಗರ್ ಗೇಮ್ಸ್’ ಕಾದಂಬರಿಯ ಹಂದರವಿದು. 2008ರಲ್ಲಿ ಅದು ಪ್ರಕಟವಾದಾಗ ಅದರ ಓದುಗರೆಂದು ಗುರುತಿಸಲಾದವರು ಯಾರೆಂದರೆ, ಅದೇ ಅಖಾಡಕ್ಕೆ ಹೋಗಬಹುದಾದ ವಯಸ್ಸಿನ ಹುಡುಗ ಹುಡುಗಿಯರು. 2009 ಮತ್ತು 2010ರಲ್ಲಿ ಅದರ ಮುಂದಿನ ಎರಡು ಭಾಗಗಳು ಬಂದವು. ಅದರ ಬೆನ್ನಿಗೇ ಇಂಥ ಕಾದಂಬರಿಗಳ ಮಹಾಪೂರವೇ ಹರಿಯಿತು. ಡಿಸ್ಟೋಪಿಯಾ ಎಂಬ ಪದ ಪುಸ್ತಕದಂಗಡಿಗಳ ಕಪಾಟಿನ ಮೇಲೆ ಬರೆಯುವ ಹೆಸರಾಯಿತು. ಆದರ್ಶ ನಾಡನ್ನು ಯುಟೋಪಿಯಾ ಎನ್ನುವುದಾದರೆ, ಬದುಕಲು ಅಸಾಧ್ಯವಾದ ಕೆಟ್ಟ ನಾಡೇ ಡಿಸ್ಟೋಪಿಯಾ. 1868ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಜಾನ್ ಸ್ಟುವರ್ಟ್ ಮಿಲ್, ಐರ್ಲೆಂಡ್ ಕುರಿತ ಸರಕಾರದ ಧೋರಣೆಯನ್ನು ಟೀಕಿಸುವಾಗ ಈ ಅರ್ಥದ ಪದವನ್ನು ಬಳಸಿದ್ದರು. ಅಂದರೆ ಈ ಪದದ ಆರಂಭಿಕ ಬಳಕೆಯ ಹಿಂದೆಯೇ ಒಂದು ಜನತೆಯ ಮೇಲಿನ ಅಧಿಕಾರದ ಪ್ರಶ್ನೆಯಿತ್ತು ಎಂಬುದನ್ನು ನಾವು ಮರೆಯಬಾರದು.

ಈ ಕಾದಂಬರಿಗಳ ಬಗ್ಗೆ ಇವತ್ತು ಎರಡು ಬಗೆಯ ನಿಲುವುಗಳಿವೆ. ಒಂದು, ಹಿರಿಯರದ್ದು. ಇವು ಮಕ್ಕಳ ಮನಸ್ಸನ್ನು ಕೆಡಿಸುತ್ತವೆ, ಹಿಂಸೆಯನ್ನು ಕಲಿಸುತ್ತವೆ, ದೊಡ್ಡವರ ಮೇಲಿನ ವಿಶ್ವಾಸವನ್ನು ನಾಶಪಡಿಸುತ್ತವೆ ಎಂಬ ಆತಂಕ ಅವರದು. ಇನ್ನೊಂದು, ಮಾರುಕಟ್ಟೆಯದ್ದು. ಇವು ಬರೇ ಮನರಂಜನೆ, ಓದಿ ಆನಂದಿಸಿ, ಸಿನಿಮಾ ನೋಡಿ, ಅದರ ಚಿತ್ರವಿರುವ ಅಂಗಿಯನ್ನೂ ಕೊಂಡುಕೊಳ್ಳಿ ಎಂಬ ಆಹ್ವಾನ ಅದರದು. ಮೇಲ್ನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧ ನಿಲುವುಗಳಂತೆ ಕಾಣುತ್ತವೆ. ಆದರೆ ಆಳದಲ್ಲಿ ಇವೆರಡೂ ಒಂದೇ. ಆ ಪುಸ್ತಕ ಓದುಗನ ಮುಂದಿಡುವ ಪ್ರಶ್ನೆಯನ್ನು ಕೇಳಿಸಿಕೊಳ್ಳಲು ಎರಡಕ್ಕೂ ಇಷ್ಟವಿಲ್ಲ.

ಮೊದಲು ಹಿರಿಯರ ಆತಂಕವನ್ನೇ ಎತ್ತಿಕೊಳ್ಳೋಣ. ಅಮೆರಿಕದ ಗ್ರಂಥಾಲಯ ಸಂಘವು ಪ್ರತಿವರ್ಷ, ಶಾಲೆ ಮತ್ತು ಗ್ರಂಥಾಲಯಗಳಿಂದ ತೆಗೆದುಹಾಕಬೇಕೆಂಬ ಒತ್ತಾಯವನ್ನು ಅತಿ ಹೆಚ್ಚು ಎದುರಿಸಿದ 10 ಪುಸ್ತಕಗಳ ಪಟ್ಟಿಯನ್ನು ಪ್ರಕಟಿಸುತ್ತದೆ. 2010, 2011 ಮತ್ತು 2013ರ ಪಟ್ಟಿಗಳಲ್ಲಿ ಹಂಗರ್ ಗೇಮ್ಸ್ ಇತ್ತು. 2011ರಲ್ಲಿ ಅದರ ಮೇಲೆ ಹೊರಿಸಲಾದ ಆರೋಪಗಳಲ್ಲಿ ಹಿಂಸೆ ಮಾತ್ರವಲ್ಲ, ಕುಟುಂಬ ವಿರೋಧಿ ಎಂಬುದೂ ಸೇರಿತ್ತು. ಇದನ್ನು ಓದಿದಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಕಥೆ ಆರಂಭವಾಗುವುದೇ ಕಾಟ್ನಿಸ್ ಎಂಬ 16ರ ಹುಡುಗಿ, ಚೀಟಿಯಲ್ಲಿ ತನ್ನ 12ರ ಹರೆಯದ ತಂಗಿಯ ಹೆಸರು ಬಂದಾಗ, ಆಕೆಯನ್ನು ಹಿಂದಕ್ಕೆ ತಳ್ಳಿ ತನ್ನನ್ನೇ ಸಾವಿಗೆ ಒಪ್ಪಿಸಿಕೊಳ್ಳುವುದರಿಂದ. ತಂದೆ ಗಣಿಯ ಸ್ಫೋಟದಲ್ಲಿ ತೀರಿಹೋದ ಬಳಿಕ ಕಾಡಿನಲ್ಲಿ ಬೇಟೆಯಾಡಿ ತಾಯಿ ಮತ್ತು ತಂಗಿಯ ಹೊಟ್ಟೆ ತುಂಬಿಸುತ್ತಿರುವವಳೂ ಅವಳೇ. ಕುಟುಂಬಕ್ಕಾಗಿ ಪ್ರಾಣವನ್ನೇ ಪಣಕ್ಕಿಡುವ ಕಥೆ ಕುಟುಂಬ ವಿರೋಧಿಯಾಗುವುದು ಹೇಗೆ?

ಲೋಯಿಸ್ ಲೌರಿಯವರ ‘ದಿ ಗಿವರ್’ ಕಾದಂಬರಿಯ ಪಾಡೂ ಇದಕ್ಕಿಂತ ಭಿನ್ನವಲ್ಲ. 1993ರಲ್ಲಿ ಪ್ರಕಟವಾಗಿ, ಮರುವರ್ಷವೇ ಮಕ್ಕಳ ಸಾಹಿತ್ಯಕ್ಕೆ ನೀಡಲಾಗುವ ನ್ಯೂಬೆರಿ ಪದಕ ಪಡೆದ ಕೃತಿಯದು. ಆ ಕಾದಂಬರಿಯ ಸಮಾಜದಲ್ಲಿ ಜಗಳವಿಲ್ಲ, ಹಸಿವಿಲ್ಲ, ನೋವಿಲ್ಲ. ಬಣ್ಣವೂ ಇಲ್ಲ, ನೆನಪೂ ಇಲ್ಲ. ಅಲ್ಲಿ ವೃದ್ಧರನ್ನು ಮತ್ತು ದುರ್ಬಲ ಶಿಶುಗಳನ್ನು ‘ಬಿಡುಗಡೆ’ ಮಾಡಲಾಗುತ್ತದೆ. ಆ ಮುದ್ದಾದ ಪದದ ಅರ್ಥ ಚುಚ್ಚುಮದ್ದು ಕೊಟ್ಟು ಕೊಲ್ಲುವುದು ಎಂಬುದು ಜೋನಸ್ ಎಂಬ 12ರ ಹುಡುಗನಿಗೆ ಗೊತ್ತಾಗುವುದು, ತನ್ನ ಪ್ರೀತಿಯ ತಂದೆ ನಗುನಗುತ್ತಾ ಅದನ್ನು ಮಾಡುವುದನ್ನು ಕಂಡಾಗ. ಆ ತಂದೆ ಕ್ರೂರಿಯಲ್ಲ. ಆತ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುವ ಸಭ್ಯ ನೌಕರ. ಈ ಪುಸ್ತಕದ ವಿರುದ್ಧವೂ 1990ರ ದಶಕದುದ್ದಕ್ಕೂ ಆಕ್ಷೇಪಗಳು ಬಂದವು. ಮಕ್ಕಳು ಇಂಥ ಸಾವುಗಳ ಬಗ್ಗೆ ಓದಬಾರದು ಎಂಬುದು ವಾದ. ಆದರೆ ಇಲ್ಲಿ ಮಕ್ಕಳು ಓದುವುದು ಸಾವಿನ ಬಗ್ಗೆ ಮಾತ್ರವೇ? ಒಂದು ಸುಂದರ ಪದದ ಹಿಂದೆ ಒಂದು ಅಪರಾಧವನ್ನು ಹೇಗೆ ಅಡಗಿಸಿಡಲಾಗುತ್ತದೆ ಎಂಬುದರ ಬಗ್ಗೆಯೂ ಅಲ್ಲವೇ? ಯುದ್ಧವನ್ನು ‘ವಿಮೋಚನೆ’ ಎಂದೂ, ಬಾಂಬಿಗೆ ಬಲಿಯಾದ ನಾಗರಿಕರನ್ನು ‘ಆನುಷಂಗಿಕ ಹಾನಿ’ ಎಂದೂ ಕರೆಯುವ ಜಗತ್ತಿನಲ್ಲಿ, ಪದಗಳನ್ನು ಬಗೆದು ನೋಡುವ ಈ ಶಿಕ್ಷಣಕ್ಕಿಂತ ಮಿಗಿಲಾದ ಶಿಕ್ಷಣ ಯಾವುದಿದೆ?

ಹಂಗರ್ ಗೇಮ್ಸ್‌ನಲ್ಲಿ ಹಿಂಸೆಯಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಾದಂಬರಿಯ ಅತ್ಯಂತ ಭಯಾನಕ ಪುಟಗಳು ಅಖಾಡದಲ್ಲಿಲ್ಲ. ಅವಿರುವುದು ಚೀಟಿ ಎತ್ತುವ ಲೆಕ್ಕಾಚಾರದಲ್ಲಿ. 12ನೇ ವರ್ಷದಲ್ಲಿ ಪ್ರತಿಯೊಬ್ಬ ಹುಡುಗನ ಅಥವಾ ಹುಡುಗಿಯ ಹೆಸರು ಒಂದು ಬಾರಿ ಚೀಟಿಗೆ ಸೇರುತ್ತದೆ, 13ರಲ್ಲಿ ಎರಡು ಬಾರಿ, ಹೀಗೆ 18ರಲ್ಲಿ ಏಳು ಬಾರಿ. ಇಲ್ಲಿಯವರೆಗೆ ಕಾನೂನು ಎಲ್ಲರಿಗೂ ಒಂದೇ. ಆದರೆ ಬಡ ಮಕ್ಕಳಿಗೆ ಸರಕಾರ ಒಂದು ‘ಸೌಲಭ್ಯ’ವನ್ನು ಕೊಟ್ಟಿದೆ. ಇನ್ನೊಂದು ಚೀಟಿಯಲ್ಲಿ ಹೆಸರು ಬರೆಸಿದರೆ ಒಬ್ಬರಿಗೆ ಒಂದು ವರ್ಷಕ್ಕೆ ಅರೆಹೊಟ್ಟೆಗಾಗುವಷ್ಟು ಧಾನ್ಯ ಮತ್ತು ಎಣ್ಣೆ ಸಿಗುತ್ತದೆ. ಕುಟುಂಬದ ಪ್ರತಿ ಸದಸ್ಯನ ಹೆಸರಲ್ಲೂ ಹೀಗೆ ಪಡೆಯಬಹುದು. ಆ ಚೀಟಿಗಳೂ ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತವೆ. ಆದ್ದರಿಂದ ಉಳ್ಳವರ ಮನೆಯ 16ರ ಹುಡುಗಿಯ ಹೆಸರು ಐದು ಚೀಟಿಗಳಲ್ಲಿದ್ದರೆ, ತನಗೂ ತಾಯಿಗೂ ತಂಗಿಗೂ ಧಾನ್ಯ ಪಡೆದ ಕಾಟ್ನಿಸ್‌ಳ ಹೆಸರು 20 ಚೀಟಿಗಳಲ್ಲಿದೆ. ಐವರ ಕುಟುಂಬಕ್ಕೆ ಆಸರೆಯಾಗಿರುವ ಆಕೆಯ ಗೆಳೆಯ, 18ರ ಗೇಲ್‌ನ ಹೆಸರು 42 ಚೀಟಿಗಳಲ್ಲಿದೆ. ಯಾರೂ ಬಡವರನ್ನು ಆರಿಸಿ ಕೊಲ್ಲುವುದಿಲ್ಲ. ಚೀಟಿಯೇ ಆರಿಸುತ್ತದೆ. ನಿಯಮ ಎಲ್ಲರಿಗೂ ಸಮಾನವಾಗಿರುವಾಗಲೇ ಬಲಿ ಮಾತ್ರ ಬಡವರ ಮನೆಯಿಂದ ಹೋಗುವಂತೆ ಮಾಡುವುದು ಹೇಗೆ ಎಂಬ ರಾಜ್ಯಶಾಸ್ತ್ರದ ಪಾಠವೊಂದನ್ನು ಲೇಖಕಿ ಹದಿಹರೆಯದ ಮಕ್ಕಳಿಗೆ ಎರಡು ಪುಟಗಳಲ್ಲಿ ಕಲಿಸಿಬಿಡುತ್ತಾರೆ. ಇದು ಮನಸ್ಸನ್ನು ಕೆಡಿಸುವುದು ಎಂದಾದರೆ, ಮನಸ್ಸನ್ನು ತಿದ್ದುವುದು ಎಂದರೇನು?

ಈಗ ಮಾರುಕಟ್ಟೆಯ ಸರದಿ. ಈ ಕಾದಂಬರಿಯ ಬೀಜ ತನ್ನ ಮನಸ್ಸಿಗೆ ಬಿದ್ದ ಬಗೆಯನ್ನು ಕಾಲಿನ್ಸ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಒಂದು ರಾತ್ರಿ ಅವರು ಟಿ.ವಿ.ಯ ಚಾನೆಲ್‌ಗಳನ್ನು ಬದಲಾಯಿಸುತ್ತಾ ಕೂತಿದ್ದರು. ಒಂದು ಚಾನೆಲ್‌ನಲ್ಲಿ ಯುವಕ ಯುವತಿಯರು ಸ್ಪರ್ಧಿಸುವ ರಿಯಾಲಿಟಿ ಶೋ, ಇನ್ನೊಂದರಲ್ಲಿ ಇರಾಕ್ ಯುದ್ಧದ ದೃಶ್ಯಗಳು. ದಣಿದ ಕಣ್ಣುಗಳಿಗೆ ಎರಡೂ ಒಂದಕ್ಕೊಂದು ಬೆರೆತು ಹೋದುವು. ಅವರ ತಂದೆ ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ವಾಯುಪಡೆಯ ಅಧಿಕಾರಿ. ಯುದ್ಧವೆಂದರೇನೆಂದು ಬಾಲ್ಯದಲ್ಲೇ ಅರಿತಿದ್ದ ಮಗಳಿಗೆ, ಯುದ್ಧವೂ ಒಂದು ಕಾರ್ಯಕ್ರಮವಾಗಿಬಿಟ್ಟಿರುವ ಆ ಕ್ಷಣ ತಟ್ಟಿರಬೇಕು. ಹಾಗಿರುವಾಗ ಆ ಕಾದಂಬರಿಯ ನಿಜವಾದ ಆರೋಪಿ ಯಾರು? ರಾಜಧಾನಿಯ ಅಧ್ಯಕ್ಷ ಸ್ನೋ ಮಾತ್ರವೇ? ಅಲ್ಲ. ಮಕ್ಕಳ ಸಾವನ್ನು ಕಾರ್ಯಕ್ರಮವಾಗಿ ನೋಡಿ, ಚಪ್ಪಾಳೆ ತಟ್ಟಿ, ಕಣ್ಣೀರನ್ನೂ ಸುರಿಸಿ, ರಾತ್ರಿ ನೆಮ್ಮದಿಯಿಂದ ಮಲಗುವ ಪ್ರೇಕ್ಷಕ. ಅವನಿಲ್ಲದಿದ್ದರೆ ಅಖಾಡವೇ ಇಲ್ಲ. ಆ ದೇಶಕ್ಕೆ ಲೇಖಕಿ ಇಟ್ಟ ಹೆಸರು ಪನೆಮ್. ಜನರಿಗೆ ರೊಟ್ಟಿ ಮತ್ತು ಆಟವನ್ನು ಕೊಟ್ಟರೆ ಸಾಕು, ಅವರು ರಾಜಕೀಯವನ್ನು ಮರೆಯುತ್ತಾರೆ ಎಂಬರ್ಥದ ಪುರಾತನ ರೋಮನ್ ಮಾತಿನಿಂದ ತೆಗೆದ ಹೆಸರದು.

ವಿಪರ್ಯಾಸ ನೋಡಿ. 2012ರಲ್ಲಿ ಈ ಕಾದಂಬರಿ ಸಿನಿಮಾವಾಯಿತು ಮತ್ತು ಜಗತ್ತಿನಾದ್ಯಂತ ಸುಮಾರು 69 ಕೋಟಿ ಡಾಲರ್ ಗಳಿಸಿತು. 2013ರಲ್ಲಿ ಎರಡನೇ ಸಿನಿಮಾ ಬಂದಾಗ ಅಮೆರಿಕದ ಪ್ರಸಾಧನ ಕಂಪೆನಿ ಕವರ್‌ಗರ್ಲ್, ಕಾದಂಬರಿಯಲ್ಲಿನ ರಾಜಧಾನಿಯ ಹೆಸರಲ್ಲೇ ತುಟಿಬಣ್ಣ, ಉಗುರುಬಣ್ಣಗಳ ಸಂಗ್ರಹವನ್ನು ಮಾರುಕಟ್ಟೆಗೆ ಬಿಟ್ಟಿತು. ಹಸಿದ 12 ಜಿಲ್ಲೆಗಳಿಗೆ 12 ಬಗೆಯ ಅಲಂಕಾರ! ಸಬ್‌ವೇ ಎಂಬ ತಿಂಡಿ ಕಂಪೆನಿ ಅದೇ ಸಿನಿಮಾದ ಹೆಸರಲ್ಲಿ ತನ್ನ ಸ್ಯಾಂಡ್‌ವಿಚ್‌ಗಳ ಪ್ರಚಾರ ನಡೆಸಿತು. ಹಸಿವಿನ ಕಥೆಯನ್ನು ಹೇಳಿ ತಿಂಡಿ ಮಾರುವುದನ್ನು, ರಾಜಧಾನಿಯ ಶೃಂಗಾರವನ್ನು ಗೇಲಿ ಮಾಡುವ ಕಥೆಯಿಂದಲೇ ಶೃಂಗಾರ ಸಾಧನ ಮಾರುವುದನ್ನು ಏನೆಂದು ಕರೆಯಬೇಕು? ಬಂಡಾಯವನ್ನು ನಿಷೇಧಿಸುವ ಅಗತ್ಯ ಮಾರುಕಟ್ಟೆಗಿಲ್ಲ. ಅದಕ್ಕೊಂದು ಬೆಲೆಪಟ್ಟಿ ಅಂಟಿಸಿದರೆ ಸಾಕು.

ಆದರೆ ಎಲ್ಲ ದೋಷವನ್ನೂ ಮಾರುಕಟ್ಟೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಓದುಗರಾದ ನಮಗೆ ಶೋಭಿಸುವುದಿಲ್ಲ. 2012ರಲ್ಲಿ ನಡೆದ ಇನ್ನೊಂದು ಘಟನೆಯನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಕಾದಂಬರಿಯಲ್ಲಿ ರೂ ಎಂಬ 12 ವರ್ಷದ ಹುಡುಗಿಯಿದ್ದಾಳೆ. ಬೆಳೆ ಬೆಳೆಯುವ 11ನೇ ಜಿಲ್ಲೆಯವಳು. ಅಲ್ಲಿ ಕೊಯ್ಲಿನ ವೇಳೆ ಹಸಿವಾಗಿ ಬೆಳೆಯನ್ನು ತಿಂದವರಿಗೆ ಚಾಟಿಯೇಟು. ಕಾಟ್ನಿಸ್‌ಗೆ ಅವಳಲ್ಲಿ ತನ್ನ ತಂಗಿ ಕಾಣಿಸುತ್ತಾಳೆ. ಆಕೆ ಈಟಿಯಿಂದ ತಿವಿಯಲ್ಪಟ್ಟು ಸತ್ತಾಗ ಕಾಟ್ನಿಸ್ ಆ ಪುಟ್ಟ ದೇಹವನ್ನು ಹೂವುಗಳಿಂದ ಮುಚ್ಚುತ್ತಾಳೆ. ಇದು ಆಟದ ವಸ್ತುವಲ್ಲ, ಇದೊಂದು ಮಗು ಎಂದು ರಾಜಧಾನಿಯ ಕ್ಯಾಮರಾಗಳಿಗೆ ತೋರಿಸುವುದಕ್ಕಾಗಿ. ಲಕ್ಷಾಂತರ ಓದುಗರು ಆ ಪುಟದಲ್ಲಿ ಅತ್ತಿದ್ದರು. ಸಿನಿಮಾದಲ್ಲಿ ಆ ಪಾತ್ರವನ್ನು ಅಮಾಂಡ್ಲಾ ಸ್ಟೆನ್‌ಬರ್ಗ್ ಎಂಬ ಕಪ್ಪು ವರ್ಣದ ಬಾಲನಟಿ ನಿರ್ವಹಿಸಿದಾಗ ಏನಾಯಿತು? ಅಂದಿನ ಟ್ವಿಟರ್‌ನಲ್ಲಿ ಅನೇಕ ಅಭಿಮಾನಿಗಳು ಸಿಟ್ಟಾದರು. ರೂ ಕಪ್ಪು ಹುಡುಗಿ ಎಂದು ತಿಳಿದ ಮೇಲೆ ಆಕೆಯ ಸಾವು ಮೊದಲಿನಷ್ಟು ದುಃಖ ತರಲಿಲ್ಲ ಎಂದು ಬರೆದವರೂ ಇದ್ದರು. ವಾಸ್ತವದಲ್ಲಿ ಆಕೆಯ ಮೈಬಣ್ಣ ಗಾಢ ಕಂದು ಎಂದು ಲೇಖಕಿ ಕಾದಂಬರಿಯಲ್ಲೇ ಸ್ಪಷ್ಟವಾಗಿ ಬರೆದಿದ್ದರು. ಓದುಗರು ಆ ವಾಕ್ಯವನ್ನು ಓದಿದ್ದರು. ಆದರೆ ಕಂಡಿರಲಿಲ್ಲ.

ಈ ಕಾದಂಬರಿಗಳ ಕುರಿತ ನಿಜವಾದ ಚರ್ಚೆ ಆರಂಭವಾಗಬೇಕಾದದ್ದು ಇಲ್ಲಿಂದ ಎಂಬುದು ನನ್ನ ಅಭಿಪ್ರಾಯ. ನಾವು ಯಾರಿಗಾಗಿ ಅಳುತ್ತೇವೆ? ಕಲ್ಪನೆಯ ಮಗು ನಮ್ಮಂತೆಯೇ ಇದೆ ಎಂದು ಭಾವಿಸಿದಾಗ ಉಕ್ಕುವ ಕಣ್ಣೀರು, ಆ ಮಗು ‘ಅವರದ್ದು’ ಎಂದು ಗೊತ್ತಾದೊಡನೆ ಬತ್ತಿ ಹೋಗುವುದಾದರೆ, ಅದು ಕರುಣೆಯೇ ಅಥವಾ ಕನ್ನಡಿ ನೋಡಿ ಪಡುವ ಮರುಕವೇ?

ಕೋರಿ ಡಾಕ್ಟರೋವ್‌ರ ‘ಲಿಟ್ಲ್ ಬ್ರದರ್’ ಕಾದಂಬರಿಯೂ ಪ್ರಕಟವಾದದ್ದು 2008ರಲ್ಲೇ. ಸ್ಯಾನ್ ಫ್ರಾನ್ಸಿಸ್ಕೋದ ಸೇತುವೆಯೊಂದರ ಮೇಲೆ ಭಯೋತ್ಪಾದಕ ದಾಳಿ ನಡೆಯುತ್ತದೆ. ಮಾರ್ಕಸ್ ಎಂಬ 17ರ ಹುಡುಗ ಮತ್ತು ಅವನ ಗೆಳೆಯರನ್ನು ಆಂತರಿಕ ಭದ್ರತಾ ಇಲಾಖೆ ಎತ್ತಿಕೊಂಡು ಹೋಗುತ್ತದೆ. ಆರೋಪವಿಲ್ಲ, ವಕೀಲರಿಲ್ಲ, ಮನೆಯವರಿಗೆ ಸುದ್ದಿಯೂ ಇಲ್ಲ. ಹೊರಬಂದ ಹುಡುಗ ತನ್ನ ಕಂಪ್ಯೂಟರ್ ಜ್ಞಾನವನ್ನೇ ಅಸ್ತ್ರವಾಗಿಸಿ ಆ ಇಲಾಖೆಯ ವಿರುದ್ಧ ಹೋರಾಡುತ್ತಾನೆ. ಸೆಪ್ಟೆಂಬರ್ 11ರ ನಂತರದ ಅಮೆರಿಕಕ್ಕೆ ಹಿಡಿದ ಕನ್ನಡಿಯದು. ಆ ಕಾದಂಬರಿಯಲ್ಲೇ ಒಂದು ಪ್ರಾಮಾಣಿಕ ಸನ್ನಿವೇಶವಿದೆ. ಮಾರ್ಕಸ್‌ನ ಕಂದುವರ್ಣದ ಗೆಳೆಯ ಹೋಲೂ ಹೋರಾಟದಿಂದ ಹಿಂದೆ ಸರಿಯುತ್ತಾನೆ. ಅವನು ಹೇಳುವುದರ ಸಾರ ಇಷ್ಟೇ: ನೀನು ಬಿಳಿಯ, ಸಿಕ್ಕಿಬಿದ್ದರೆ ನಿನಗಾಗುವ ಶಿಕ್ಷೆ ಬೇರೆ, ನನಗಾಗುವ ಶಿಕ್ಷೆ ಬೇರೆ.

ಈ ಕಾದಂಬರಿ ಮಕ್ಕಳ ಕೈಸೇರುವಾಗ ಕಾದಂಬರಿಯಲ್ಲದ ಒಂದು ಬದುಕು ಗ್ವಾಂಟನಾಮೋದಲ್ಲಿತ್ತು. ಕೆನಡಾದ ಪ್ರಜೆ ಒಮರ್ ಖದ್ರ್ 2002ರ ಜುಲೈಯಲ್ಲಿ ಅಫಘಾನಿಸ್ತಾನದಲ್ಲಿ ಅಮೆರಿಕದ ಸೇನೆಗೆ ಸೆರೆಸಿಕ್ಕಾಗ ಅವನ ವಯಸ್ಸು 15. ಗ್ರೆನೇಡ್ ಎಸೆದು ಅಮೆರಿಕದ ಸೈನಿಕನನ್ನು ಕೊಂದ ಆರೋಪ ಅವನ ಮೇಲಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವನನ್ನು ಗ್ವಾಂಟನಾಮೋಕ್ಕೆ ಸಾಗಿಸಲಾಯಿತು. 2010ರಲ್ಲಿ ಆತ ಮಿಲಿಟರಿ ಆಯೋಗದ ಮುಂದೆ ತಪ್ಪೊಪ್ಪಿಕೊಂಡ. ಅಲ್ಲಿಂದ ಹೊರಬರಲು ಬೇರೆ ದಾರಿಯಿರಲಿಲ್ಲ ಎಂದು ನಂತರ ಹೇಳಿದ. 2012ರಲ್ಲಿ ಅವನನ್ನು ಕೆನಡಾಕ್ಕೆ ಕಳುಹಿಸಲಾಯಿತು. ವಿಚಾರಣೆಯ ಹೆಸರಲ್ಲಿ ಅವನ ಹಕ್ಕುಗಳನ್ನು ಉಲ್ಲಂಘಿಸಲಾಗಿದೆ ಎಂದು ಕೆನಡಾದ ಸುಪ್ರೀಮ್ ಕೋರ್ಟು 2010ರಲ್ಲೇ ಹೇಳಿತ್ತು. 2017ರಲ್ಲಿ ಕೆನಡಾ ಸರಕಾರ ಅವನ ಕ್ಷಮೆ ಯಾಚಿಸಿ ಪರಿಹಾರ ನೀಡಿತು. ಅವನ ಅಪರಾಧದ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಆದರೆ 15 ವರ್ಷದ ಹುಡುಗನನ್ನು 10 ವರ್ಷಗಳ ಕಾಲ ಆ ಸೆರೆಮನೆಯಲ್ಲಿಟ್ಟದ್ದು ಕಲ್ಪನೆಯಲ್ಲ. ಮಾರ್ಕಸ್‌ನಿಗಾಗಿ ಮಿಡಿದ ಹೃದಯಗಳಲ್ಲಿ ಎಷ್ಟು ಹೃದಯಗಳಿಗೆ ಒಮರ್ ಕೇವಲ ಒಂದು ಟಿ.ವಿ. ಸುದ್ದಿಯಾಗಿದ್ದ? ಡಿಸ್ಟೋಪಿಯಾ ಎಂದರೆ ಬರಲಿರುವ ಕೆಟ್ಟ ದಿನ ಎಂದು ನಂಬಿರುವವರಿಗೆ ಒಂದು ಮಾತನ್ನು ಹೇಳಲೇಬೇಕು. ಅದು ಬರಲಿರುವುದಲ್ಲ, ಬಂದಾಗಿದೆ. ನಿಮ್ಮ ಜಿಲ್ಲೆಗೆ ಇನ್ನೂ ತಲುಪಿಲ್ಲ, ಅಷ್ಟೇ.

ಹಾಗಾದರೆ ಈ ಕಾದಂಬರಿಗಳು ವ್ಯರ್ಥವೇ? ಖಂಡಿತ ಅಲ್ಲ. ಹಂಗರ್ ಗೇಮ್ಸ್‌ನ ಬಡ ಜನರು, ಪ್ರೀತಿಪಾತ್ರರನ್ನು ಬೀಳ್ಕೊಡುವಾಗ ಕೈಯ ಮೂರು ನಡುಬೆರಳುಗಳನ್ನು ತುಟಿಗೆ ಮುಟ್ಟಿಸಿ ಮೇಲೆತ್ತುತ್ತಾರೆ. ಅಮೆರಿಕದ ಲೇಖಕಿಯ ಕಲ್ಪನೆಯ ಈ ಸನ್ನೆ ಥಾಯ್ಲೆಂಡಿನ ಬೀದಿಗಿಳಿಯಿತು. 2014ರ ಮೇ 22ರಂದು ಅಲ್ಲಿ ಸೇನೆ ಅಧಿಕಾರವನ್ನು ಕಿತ್ತುಕೊಂಡಾಗ, ಘೋಷಣೆ ಕೂಗುವಂತಿಲ್ಲದ ಜನರು ಮೂರು ಬೆರಳುಗಳನ್ನೆತ್ತಿ ನಿಂತರು. ಅದೇ ವರ್ಷದ ನವೆಂಬರ್‌ನಲ್ಲಿ ಖೋನ್ ಕೇನ್ ಎಂಬಲ್ಲಿ, ಭಾಷಣ ಮಾಡುತ್ತಿದ್ದ ಪ್ರಧಾನಿ ಪ್ರಯುತ್ ಚಾನ್-ಓಚಾರ ಎದುರಲ್ಲೇ ಐವರು ವಿದ್ಯಾರ್ಥಿಗಳು ಆ ಸನ್ನೆಯನ್ನು ಮಾಡಿದರು ಮತ್ತು ಬಂಧನಕ್ಕೊಳಗಾದರು. ಅದೇ ದಿನಗಳಲ್ಲಿ ಬ್ಯಾಂಕಾಕ್‌ನ ಒಂದು ಚಿತ್ರಮಂದಿರ ಸಮೂಹ ಆ ಸರಣಿಯ ಮೂರನೇ ಸಿನಿಮಾದ ಪ್ರದರ್ಶನವನ್ನೇ ರದ್ದುಪಡಿಸಿತು. ಫೆಬ್ರವರಿ 2021ರಲ್ಲಿ ಮ್ಯಾನ್ಮಾರ್‌ನಲ್ಲಿ ಸೇನಾಕ್ರಾಂತಿಯಾದಾಗ ವೈದ್ಯರೂ ದಾದಿಯರೂ ಅದೇ ಮೂರು ಬೆರಳುಗಳನ್ನು ಎತ್ತಿದರು. ಆ ತಿಂಗಳ 26ರಂದು ಆ ದೇಶದ ರಾಯಭಾರಿ ಕ್ಯಾವ್ ಮೋ ತುನ್, ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಸೇನೆಯನ್ನು ಖಂಡಿಸಿ ಭಾಷಣ ಮಾಡಿ, ಕೊನೆಗೆ ಅದೇ ಸನ್ನೆಯನ್ನು ಜಗತ್ತಿಗೆ ತೋರಿಸಿದರು.

ಮೂರು ಬೆರಳುಗಳಿಂದ ಸೇನಾಡಳಿತ ಉರುಳಲಿಲ್ಲ ನಿಜ. ಮ್ಯಾನ್ಮಾರ್‌ನಲ್ಲಿ ಸಾವಿರಾರು ಮಂದಿ ಪ್ರಾಣ ತೆತ್ತರು. ಆದರೆ ಕೋವಿ ಹಿಡಿದವರು ಒಂದು ಮಕ್ಕಳ ಕಾದಂಬರಿಯ ಸನ್ನೆಗೆ ಹೆದರಿದರು ಎಂಬುದು ಸಣ್ಣ ಸಂಗತಿಯಲ್ಲ. ಅಮೆರಿಕದ ಮಾಲ್‌ಗಳಲ್ಲಿ ತುಟಿಬಣ್ಣ ಮಾರಲು ಬಳಕೆಯಾದ ಅದೇ ಕಥೆ, ಬ್ಯಾಂಕಾಕ್‌ನಲ್ಲಿ ಸೆರೆಮನೆಗೆ ಹೋಗುವ ಧೈರ್ಯವನ್ನು ಕೊಟ್ಟಿತು. ಕಥೆ ಒಂದೇ. ಓದಿದವರು ನಿಂತಿದ್ದ ಸ್ಥಳ ಬೇರೆ.

ಇನ್ನೊಂದು ಕಾರಣಕ್ಕಾಗಿಯೂ ನಾನು ಈ ಕಾದಂಬರಿಯನ್ನು ಯುವಕರ ಕೈಯಿಂದ ಕಸಿಯಬಾರದೆನ್ನುತ್ತೇನೆ. ಅದು ಬಂಡಾಯಗಾರರನ್ನೂ ಬಿಡುವುದಿಲ್ಲ. ಮೂರನೇ ಭಾಗವಾದ ‘ಮಾಕಿಂಗ್‌ಜೇ’ಯಲ್ಲಿ ದಂಗೆ ಗೆಲ್ಲುತ್ತದೆ. ಆದರೆ ಮಕ್ಕಳ ಮೇಲೆ ಮೊದಲು ಬಾಂಬು ಹಾಕಿ, ಅವರ ಶುಶ್ರೂಷೆಗೆ ದಾದಿಯರು ಓಡಿ ಬಂದ ಮೇಲೆ ಎರಡನೇ ಬಾಂಬು ಸಿಡಿಸುವ ತಂತ್ರದಲ್ಲಿ ಕಾಟ್ನಿಸ್‌ಳ ತಂಗಿಯೇ ಸಾಯುತ್ತಾಳೆ. ಆ ತಂತ್ರದ ಹಿಂದಿರುವುದು ತನ್ನದೇ ಪಾಳಯ ಎಂಬ ಸಂಶಯ ಆಕೆಯನ್ನು ಸುಡುತ್ತದೆ. ಗೆದ್ದ ನಾಯಕಿ ಕಾಯಿನ್ ಮಾಡುವ ಮೊದಲ ಪ್ರಸ್ತಾಪವೇನು? ರಾಜಧಾನಿಯ ಮಕ್ಕಳನ್ನು ಅಖಾಡಕ್ಕಿಳಿಸಿ ಇನ್ನೊಂದು ಆಟ ಆಡಿಸೋಣ ಎಂಬುದು. ಕೊನೆಗೆ ಸ್ನೋನನ್ನು ಕೊಲ್ಲಲು ಬಿಲ್ಲೆತ್ತಿದ ಕಾಟ್ನಿಸ್ ಬಾಣವನ್ನು ಬಿಡುವುದು ಕಾಯಿನ್‌ಳ ಕಡೆಗೆ. ಆ ಬಳಿಕವೂ ಆಕೆ ವಿಜಯೋತ್ಸವ ಆಚರಿಸುವುದಿಲ್ಲ. ದುಃಸ್ವಪ್ನಗಳೊಂದಿಗೆ ಬದುಕುತ್ತಾಳೆ. ಇದು ಹಿಂಸೆಯನ್ನು ವೈಭವೀಕರಿಸುವ ಕಥೆಯೇ? ಅಥವಾ, ನ್ಯಾಯದ ಪರ ಇದ್ದೇವೆ ಎಂಬ ಒಂದೇ ಕಾರಣಕ್ಕೆ ಅನ್ಯಾಯ ಮಾಡುವ ಪರವಾನಿಗೆ ನಮಗೆ ಸಿಗುವುದಿಲ್ಲ ಎಂದು ಎಚ್ಚರಿಸುವ ಕಥೆಯೇ? ದೌರ್ಜನ್ಯಕ್ಕೊಳಗಾದ ಪ್ರತಿಯೊಂದು ಸಮುದಾಯವೂ ತನ್ನ ಯುವಕರಿಗೆ ಕಲಿಸಲೇಬೇಕಾದ, ಆದರೆ ಸಾಮಾನ್ಯವಾಗಿ ಕಲಿಸಲು ಮರೆಯುವ ಪಾಠವಿದು.

ಈ ಪ್ರಕಾರದಲ್ಲಿ ಜೊಳ್ಳು ಇಲ್ಲವೆಂದಲ್ಲ. ಹಂಗರ್ ಗೇಮ್ಸ್‌ನ ಯಶಸ್ಸಿನ ಬೆನ್ನು ಹತ್ತಿ ಬಂದ ಅನೇಕ ಕಾದಂಬರಿಗಳಲ್ಲಿ ಕ್ರೂರ ಸರಕಾರವೆಂಬುದು ಪ್ರೇಮಕಥೆಗೆ ಹಾಕಿದ ಪರದೆ ಮಾತ್ರ. ಲೋಕವನ್ನು ಉಳಿಸಲು ಒಬ್ಬ ಅಸಾಧಾರಣ ಹುಡುಗಿ ಅಥವಾ ಹುಡುಗ ಸಾಕು, ಉಳಿದವರು ಹಿಂಬಾಲಿಸಿದರೆ ಆಯಿತು ಎಂಬ ಭ್ರಮೆಯನ್ನೂ ಅವು ಬಿತ್ತುತ್ತವೆ. ಆದರೆ ಜೊಳ್ಳಿದೆಯೆಂದು ಕಾಳನ್ನೂ ಎಸೆಯುವುದು ಜಾಣತನವಲ್ಲ.

2025ರ ಮಾರ್ಚ್ 18ರಂದು ಕಾಲಿನ್ಸ್‌ರ ಹೊಸ ಕಾದಂಬರಿ ‘ಸನ್‌ರೈಸ್ ಆನ್ ದ ರೀಪಿಂಗ್’ ಪ್ರಕಟವಾಯಿತು. ಮೊದಲ ವಾರದಲ್ಲೇ ಅದರ 15 ಲಕ್ಷಕ್ಕೂ ಹೆಚ್ಚು ಇಂಗ್ಲಿಷ್ ಪ್ರತಿಗಳು ಮಾರಾಟವಾದುವು. ಬಹುಸಂಖ್ಯೆಯ ಜನರನ್ನು ಕೆಲವೇ ಮಂದಿ ಇಷ್ಟು ಸುಲಭವಾಗಿ ಆಳುವುದು ಹೇಗೆ ಎಂಬ, 18ನೇ ಶತಮಾನದ ತತ್ವಜ್ಞಾನಿ ಡೇವಿಡ್ ಹ್ಯೂಮ್‌ರ ಚಿಂತನೆಯೇ ತನಗೆ ಪ್ರೇರಣೆ ಎಂದು ಲೇಖಕಿ ಹೇಳಿದ್ದಾರೆ. ಹ್ಯೂಮ್‌ರ ಉತ್ತರ ಸರಳವಾಗಿತ್ತು. ಬಲ ಯಾವತ್ತೂ ಆಳಲ್ಪಡುವವರ ಕೈಯಲ್ಲೇ ಇರುತ್ತದೆ. ಆಳುವವರ ಬಳಿ ಇರುವುದು ಜನರ ಅಭಿಪ್ರಾಯ ಮಾತ್ರ. ಇದನ್ನು ಹದಿಹರೆಯದವರ ಕಥೆಯನ್ನಾಗಿಸಿದ ಲೇಖಕಿಯನ್ನು ದೂರುವ ಮುನ್ನ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಈ ವಿಷಯವನ್ನು ನಮ್ಮ ಮಕ್ಕಳೊಂದಿಗೆ ನಾವು ಎಂದಾದರೂ ಮಾತಾಡಿದ್ದೇವೆಯೇ?

ಆದ್ದರಿಂದ ಪುಸ್ತಕವನ್ನು ಕಸಿದುಕೊಳ್ಳಬೇಡಿ. ಬದಲು ಅದನ್ನು ನೀವೂ ಓದಿ. ಓದಿ ಮುಗಿಸಿದ ಮಗಳ ಅಥವಾ ಮಗನ ಪಕ್ಕದಲ್ಲಿ ಕೂತು, ನಿನಗೆ ಯಾವ ಪಾತ್ರ ಇಷ್ಟವಾಯಿತು ಎಂದು ಕೇಳಿ. ಕಾಟ್ನಿಸ್ ಎಂಬ ಉತ್ತರ ಬರಬಹುದು. ಎಲ್ಲರ ಉತ್ತರವೂ ಅದೇ. ಯಾಕೆಂದರೆ ಪುಸ್ತಕ ಓದುವಾಗ ನಾವೆಲ್ಲರೂ 12ನೇ ಜಿಲ್ಲೆಯವರೇ. ಆಗ ಎರಡನೇ ಪ್ರಶ್ನೆಯನ್ನು ಕೇಳಿ. ನಮ್ಮ ಮನೆಯ ಟಿ.ವಿ.ಯಲ್ಲಿ, ನಿನ್ನ ಕೈಯ ಮೊಬೈಲ್‌ನಲ್ಲಿ ನಿನ್ನೆ ಯಾವ ಮಗುವಿನ ಸಾವನ್ನು ನೋಡಿದೆ? ಎಷ್ಟು ಸೆಕೆಂಡು ನೋಡಿದೆ? ಆ ಬಳಿಕ ಏನನ್ನು ನೋಡಿದೆ?

ಈ ಪ್ರಶ್ನೆಯನ್ನು ಮಕ್ಕಳಿಗೆ ಕೇಳುವ ಮುನ್ನ ಒಮ್ಮೆ ನಮಗೂ ಕೇಳಿಕೊಳ್ಳುವುದು ಒಳ್ಳೆಯದು.